ಮುಕ್ಕಾಲು ಗಂಟೆಯ ದಾರಿ

ಎಲ್ಲವೂ ಪೆಂಚೊನ ಫೋನಿನಿಂದ ಶುರುವಾಯಿತು.

“ಸೋಫಿಯಾದಿಂದ ಸ್ಕೋಪಿಯೆಗೆ ನೂರ ಎಪ್ಪತ್ತಮೂರು ಕಿಲೋಮೀಟರ್. ವಿಮಾನದಲ್ಲಿ ಮುಕ್ಕಾಲು ಗಂಟೆ. ಇಲ್ಲೇ ಬರೆದಿದಾರೆ ನೋಡಿ, ಸ್ಪಾಸಣ್ಣ. ಬಸ್ಸಲ್ಲಿ ಐದು ಗಂಟೆ ಕೂತು ಸೊಂಟ ಯಾಕೆ ಮುರ್ಕೋತೀರಿ?” ಎಂದಿದ್ದ ಎದುರುಮನೆಯ ಪೆಂಚೊ.

ಸ್ಪಾಸ್ ಸೋಫಿಯಾದ ನಿವೃತ್ತ ಟ್ರಾಮ್ ಚಾಲಕ. ಟ್ರಾಮನ್ನು ಒಂದು ದಿನವೂ ತಡಮಾಡದವನು ಮೂವತ್ತು ವರ್ಷದ ಹಿಂದೆ ಪಕ್ಕದ ದೇಶದ ಸ್ಕೋಪಿಯೆಯ ಹಳೆಯ ರೈಲು ನಿಲ್ದಾಣದ ಗಡಿಯಾರದ ಕೆಳಗೆ ತಾನು ಮೆಚ್ಚಿದ್ದ ಲೆಂಚೆಯನ್ನು ಕಾಯಿಸಿ, ಹೋಗದೇ ಉಳಿದಿದ್ದ. ಈಗ ಅವಳು ಆಸ್ಟ್ರೇಲಿಯಾದ ಮಗಳ ಮನೆಗೆ ಖಾಯಮ್ಮಾಗಿ ಹೊರಟಿದ್ದಳು. ಮುಖ ನೋಡಿ ‘ತಪ್ಪಾಯಿತು’ ಎನ್ನಲು ಉಳಿದದ್ದು ಶನಿವಾರ ಒಂದೇ.

“ಮುಕ್ಕಾಲು ಗಂಟೆ ಅಷ್ಟೇ ಲೆಂಚೆ. ಪಕ್ಕದ ಬೀದಿಗೆ ಬಂದ ಹಾಗೆ,” ಎಂದು ಮನೆಯ ಫೋನಿನಲ್ಲಿ ಹಿಗ್ಗಿದ. ಜೇಬಿನಲ್ಲಿಡುವ ಫೋನು ಅವನಿಗೆ ಒಗ್ಗಿರಲಿಲ್ಲ.

“ಅಲ್ಲ, ನಾನೇ…” ಎಂದು ಲೆಂಚೆ ಶುರುಮಾಡಿ ನಿಲ್ಲಿಸಿದಳು. ಆಮೇಲೆ, “ಸರಿ, ಅದೇ ಗಡಿಯಾರದ ಕೆಳಗೆ, ನಾಲ್ಕು ಗಂಟೆಗೆ. ಈ ಸಲವಾದ್ರೂ ಬಾ ಮಾರಾಯ,” ಎಂದಳು.

ಶನಿವಾರ ಬೆಳಿಗ್ಗೆ ಅವನು ಮೆಟ್ಟಿಲಿಳಿಯುತ್ತಿದ್ದಂತೆ ಕೆಳಮನೆಯ ಸ್ಟೋಯ್ನಾ ಅಜ್ಜಿ, ದಾರಿ ನೀರಿನ ಹಾಗೆ ಸರಾಗವಾಗಲೆಂದು, ಅವನ ಹಿಂದೆ ಒಂದು ಚೊಂಬು ನೀರು ಚೆಲ್ಲಿದಳು. ಅರ್ಧ ಚೊಂಬು ಎಡಗಾಲಿನ ಬೂಟಿನೊಳಗೇ ಹೋಯಿತು.

“ತಾಗಿತಾ? ಒಳ್ಳೇದೇ ಬಿಡಪ್ಪ. ಎರಡರಷ್ಟು ಶುಭ.”

ವಿಮಾನ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿದ್ದ ಹುಡುಗಿ, “ಸ್ಕೋಪಿಯೆಗೆ ನೇರ ವಿಮಾನ ಇಲ್ಲ ಅಂಕಲ್,” ಎಂದಳು.

“ಇಲ್ಲ ಅಂದ್ರೆ? ಮುಕ್ಕಾಲು ಗಂಟೆ ಅಂತ ಬರೆದಿದೆಯಲ್ಲಮ್ಮ.”

“ಹಾರಿದ್ರೆ ಮುಕ್ಕಾಲು ಗಂಟೆ. ಯಾರೂ ಹಾರಲ್ಲ. ವಿಯೆನ್ನಾಕ್ಕೆ ಹೋಗಿ ಬದಲಾಯಿಸಿದ್ರೆ ರಾತ್ರಿ ಹತ್ತಕ್ಕೆ ತಲುಪ್ತೀರ.”

ಪಚಕ್ ಪಚಕ್ ಎನ್ನುವ ಬೂಟಿನಲ್ಲೇ ಓಡಿ ಹತ್ತು ಗಂಟೆಯ ಬಸ್ಸು ಹಿಡಿದ. ಗಡಿಯಲ್ಲಿ ಅದು, ಊಟದ ಪಂಕ್ತಿಯಲ್ಲಿ ಮೊದಲೇ ಬಂದು ಕೂತ ನೆಂಟನ ಹಾಗೆ, ಎರಡು ಗಂಟೆ ಕದಲಲಿಲ್ಲ.

“ನಾಲ್ಕಕ್ಕೆ ತಲುಪಬೇಕಾ? ಹೋಗಿ ಏನು ಹೇಳ್ತೀರಿ ಅಂತ ಯೋಚಿಸ್ಕೊಳ್ಳಿ,” ಎಂದ ಪಕ್ಕದ ಸೀಟಿನವನು. ಸ್ಪಾಸ್ ಮೂವತ್ತು ವರ್ಷದಿಂದ ಅದನ್ನೇ ಯೋಚಿಸುತ್ತಿದ್ದ.

ಹಳೆಯ ನಿಲ್ದಾಣ ಮುಟ್ಟಿದಾಗ ಅವನ ಕೈಗಡಿಯಾರದಲ್ಲಿ ಐದು. ಗೋಡೆಯ ಗಡಿಯಾರ, ಹಿಂದೊಮ್ಮೆ ಭೂಕಂಪವಾದಾಗಿನಿಂದ ಐದು ಹದಿನೇಳಕ್ಕೇ ನಿಂತಿತ್ತು. ಅಡಿಯಲ್ಲಿ ಹೂ ಮಾರುವ ಹೆಂಗಸೊಬ್ಬಳ ಹೊರತು ಯಾರೂ ಇಲ್ಲ.

“ಸೋಫಿಯಾದಿಂದ ಬರೋಷ್ಟರಲ್ಲಿ ಐದಾಗಿ ಹೋಯಿತಲ್ಲಮ್ಮ,” ಎಂದು ಕುಸಿದ.

“ಐದು ನಿಮ್ಮ ಸೋಫಿಯಾದಲ್ಲಿ, ಯಜಮಾನ್ರೆ. ಇಲ್ಲಿ ಈಗ ನಾಲ್ಕು. ನಾವು ಒಂದು ಗಂಟೆ ಹಿಂದೆ.”

ಸ್ಪಾಸ್‌ಗೆ ಹೋದ ಜೀವ ಬಂದಂತಾಯಿತು. ಇದ್ದುದರಲ್ಲೇ ದೊಡ್ಡ ಹೂಗುಚ್ಛ ಆರಿಸಿದ.

“ಯಾರಿಗೆ?”

“ಲೆಂಚೆ ಅಂತ.”

“ಓ, ಸ್ಪಾಸ್ ನೀವೇನಾ?” ಎಂದು ಅವಳು ಸೊಂಟದ ಚೀಲದಿಂದ ಒಂದು ಚೀಟಿ ತೆಗೆದು ಕೊಟ್ಟಳು. ಲೆಂಚೆ ಬರೆದಿದ್ದಳು:

“ನಮ್ಮ ಗಡಿಯಾರ ನಿನಗೆ ಯಾವತ್ತೂ ನೆನಪಿರಲ್ಲ. ಅದಕ್ಕೇ ನಿನ್ನ ಗಡಿಯಾರದ ನಾಲ್ಕು ಹೇಳಿದ್ದೆ. ಇಲ್ಲಿಯ ಮೂರಕ್ಕೇ ಬಂದು ನಿಂತೆ. ಮೂರೂವರೆಗೆ ಕಾರು ಬಂತು. ನನ್ನ ವಿಮಾನ ಇರೋದು ಸೋಫಿಯಾದಿಂದ, ಇವತ್ತು ರಾತ್ರಿ. ಅಲ್ಲೇ ಸಿಗು ಅನ್ನೋಣ ಅಂತಿದ್ದೆ. ಮುಕ್ಕಾಲು ಗಂಟೆ ಅಂತ ನೀನು ಅಷ್ಟು ಹಿಗ್ಗಿ ಹೇಳಿದ ಮೇಲೆ ಬೇಡ ಅನ್ನೋಕೆ ಮನಸ್ಸಾಗಲಿಲ್ಲ.”

“ಸೋಫಿಯಾಕ್ಕೆ ಮುಂದಿನ ಬಸ್ಸು?” ಎಂದು ಅವನು ಮೆಲ್ಲಗೆ ಕೇಳಿದ.

“ನಾಳೆ ಬೆಳಿಗ್ಗೆ.”

ಸ್ಪಾಸ್ ಮೆಟ್ಟಿಲ ಮೇಲೆ ಕೂತು, ಎಡಗಾಲಿನ ಬೂಟು ಕಳಚಿ, ಕಾಲುಚೀಲ ಹಿಂಡತೊಡಗಿದ. ಹೂವಿನವಳಿಗೆ ಕನಿಕರ ಉಕ್ಕಿ, ಫೋನಿನಲ್ಲಿ ಏನೋ ಹುಡುಕಿ, ಅವನ ಪಕ್ಕಕ್ಕೆ ಬಂದು ಬಾಗಿದಳು.

“ಯಾಕೆ ಚಿಂತೆ ಮಾಡ್ತೀರಿ ಯಜಮಾನ್ರೆ? ನೋಡಿ ಇಲ್ಲಿ. ವಿಮಾನದಲ್ಲಿ ಬರೀ ಮುಕ್ಕಾಲು ಗಂಟೆಯಂತೆ.”