ಚಹಾ ಒಲ್ಲೆ ಅಂದ ಪುರಸಭೆಯವ

ಬಂದವನು ಚಹಾ ಒಲ್ಲೆ ಅಂದ. ಆದದ್ದು ಅಷ್ಟೇ. ಆದರೆ ಆ ಒಂದು ಬಟ್ಟಲು ಚಹಾದಲ್ಲಿ ಶ್ರೀಶೈಲಪ್ಪನ ಮನೆ ಮುಳುಗಿದ ಹಾಗೆ ಆಲಮಟ್ಟಿಯ ಹಿನ್ನೀರಿನಲ್ಲಿ ಊರುಗಳೂ ಮುಳುಗಿರಲಿಕ್ಕಿಲ್ಲ.

ಬಿಸಿಲು ಏರುವ ಹೊತ್ತು. ಕೈಚೀಲ ಹಿಡಿದ ಬಡಕಲು ಮನುಷ್ಯನೊಬ್ಬ ಕಟ್ಟೆಯ ಮುಂದೆ ಬಂದು ನಿಂತ. “ಪುರಸಭೆಯಿಂದ ಬಂದೇನ್ರಿ, ಧರೆಪ್ಪ ಅಂತ. ಹೊಸ ಮನಿಪಟ್ಟಿ ಕಾಯ್ದೆ ಬಂದೈತಿ. ನಾವು ಅಳಿಯಂಗಿಲ್ಲ, ಮಾಲಕರು ಹೇಳಿದ್ದೇ ಖರೆ ಅಂತ ಬರಕೊಳ್ಳೂದು. ಖೋಲಿ ಎಷ್ಟ್ರಿ?”

ಕರದ ಮಾತು ಕಿವಿಗೆ ಬಿದ್ದದ್ದೇ ತಡ, ಶ್ರೀಶೈಲಪ್ಪನ ನಾಲ್ಕು ಖೋಲಿಯ ಮನೆ ಕೆಂಡಕ್ಕೆ ಹಾಕಿದ ಹಪ್ಪಳದ ಹಾಗೆ ಮುದುಡಿತು.

“ಒಂದೂವರಿ ಅನ್ರಿ.”

“ಅರ್ಧಾ ಹೆಂಗ್ರಿ?”

“ಒಳಗ ಹೋದ್ರ ಅರ್ಧಾ ಮನಶ್ಯಾ ಹೊರಗೇ ಉಳೀತಾನ್ರಿ.”

“ಮ್ಯಾಲೇನೈತಿ?”

“ಮಣ್ಣಿನ ಮಾಳಗಿ. ಮಳಿ ಬಂದ್ರ ನಾವು ಬೀದ್ಯಾಗ ಬಂದು ನಿಂದರ್ತೀವಿ. ಅಲ್ಲೇ ಕಮ್ಮಿ ತೊಯ್ತೀವಿ.”

“ನಳ?”

“ಐತಿ. ಗಾಳಿ ಬರ್ತೈತಿ.”

ಅದೇ ಹೊತ್ತಿಗೆ ಒಳಗಿಂದ ಹೆಂಡತಿ ಸಿದ್ದಲಿಂಗವ್ವ ಕೂಗಿದಳು: “ಏನ್ರೀ, ನಳದ ನೀರು ಧೋ ಅಂತ ಬಂದೈತಿ, ಹಂಡೆ ತುಂಬಿ ಹರಿಯಾಕತ್ತೈತಿ!”

ಶ್ರೀಶೈಲಪ್ಪ ಕೆಮ್ಮಿದ ಕೆಮ್ಮಿಗೆ ಅತ್ತ ಸಿಂದಗಿಯಲ್ಲಿ ಕಾಗೆಗಳು ಹಾರಿದವು. “ಚಹಾ ತಗೋರಿ, ಚಹಾ!”

“ಒಲ್ಲೆರಿ,” ಎಂದ ಧರೆಪ್ಪ. ಬರೆದುಕೊಂಡು ಹೋದ.

ಗೋಡೆಯಾಚೆ ಮೆಣಸಿನಕಾಯಿ ಒಣಹಾಕುತ್ತಿದ್ದ ಮುದುಕಿ ಚಂದವ್ವ ತಲೆ ಎತ್ತಿದಳು. “ಶ್ರೀಶೈಲಾ, ಅಂವ ಚಹಾ ಒಲ್ಲೆ ಅಂದ್ನಲ್ಲೋ! ಪುರಸಭೆಯವ ಚಹಾ ಒಲ್ಲೆ ಅಂದದ್ದು ಎಂದರ ಕೇಳೀಯೇನು? ಸಂಬಂಧ ಕುದರೂತನಕ ಗಂಡಿನ ಮನ್ಯಾಗ ಹನಿ ನೀರೂ ಮುಟ್ಟದವರು ಯಾರು? ಹೆಣ್ಣಿನ ಕಡ್ಯಾವರು!”

ಶ್ರೀಶೈಲಪ್ಪ ಬೀದಿಗಿಳಿದು ಧರೆಪ್ಪ ಹೋದ ದಾರಿ ನೋಡಿದ. ಮಗ ಚೇತನಕುಮಾರನಿಗೆ ಹೂವಿನ ಹಿಪ್ಪರಗಿಯ ವಿಜಯಶ್ರೀಯನ್ನು ಕೇಳಿದ್ದರು. ಯಾವ ಹುಡುಗಿಗೂ ಹೂಂ ಅನ್ನದ ಹುಡುಗ, ಇವಳ ಫೋಟೊ ನೋಡಿದಂದಿನಿಂದ ಊಟದ ತಾಟಿನ ಮುಂದೆ ಒಬ್ಬನೇ ನಗುತ್ತಿದ್ದ. ‘ಗುಟ್ಟಾಗಿ ಯಾರನ್ನಾದರೂ ಮನೆ ನೋಡಲು ಕಳಿಸುವ ಮಂದಿ ಅವರು, ಹುಷಾರು’ ಎಂದು ನಡುವೆ ನಿಂತು ಮಾತಾಡಿದ ಹಿರಿಯರು ಹೇಳಿಯೂ ಇದ್ದರು.

ಎದುರಿನ ದರ್ಜಿ ಮಲಿಕಸಾಬ ಕತ್ತರಿ ಹಿಡಿದೇ ಓಡಿ ಬಂದ. “ಕಾಕಾ, ಅಂವ ಬಾಗೇವಾಡಿ ಬಸ್ಸಿನಿಂದ ಇಳದಾನ, ನಿಮ್ಮ ಹಿಪ್ಪರಗಿ ಬೀಗರ ಕಡೀದು. ನಿಮ್ಮ ಹೆಸರು ಹಿಡದು ಕೇಳಿದ, ನಾನ ದಾರಿ ತೋರಿಸೀನಿ. ಪುರಸಭೆಯವರು ಕರದ್ರೂ ಬರಂಗಿಲ್ಲ, ಇಂವ ತಾನ ಹುಡಿಕ್ಕೊಂಡು ಬಂದಾನಂದ್ರ!”

ಆದರೂ ಶ್ರೀಶೈಲಪ್ಪ ದುಡುಕುವ ಮನುಷ್ಯನಲ್ಲ. ನೆಟ್ಟಗೆ ಪುರಸಭೆಗೆ ಹೋಗಿ ಕೇಳಿದ. ಕಾರಕೂನ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ವರ್ಗ ಮಾಡಿ, “ಧರೆಪ್ಪ ಅಂಬಾವ ನಮ್ಮಲ್ಲಿ ಯಾಂವೂ ಇಲ್ಲ. ಯಾಂವರ ಕಳ್ಳ ಇರಬೇಕು, ನೋಡ್ರಿ,” ಎಂದ.

ಕಳ್ಳನಾದವನು ಕೊಟ್ಟ ಚಹಾ ಬಿಟ್ಟು ಹೋಗುತ್ತಾನೆಯೇ? ಬೀಗರೇ, ಖಾತ್ರಿ! ಮಗನ ನಗೆಯನ್ನು ಒಂದೂವರೆ ಖೋಲಿಯಲ್ಲಿ ಕೂಡಿಹಾಕಿಬಿಟ್ಟೆನಲ್ಲ ಎಂದು ಶ್ರೀಶೈಲಪ್ಪ ಧೋತರ ಎತ್ತಿ ಕಟ್ಟಿ ಓಡಿದ. ಆ ಓಟಕ್ಕೆ ಇಂಡಿ ಊರಿಗೆ ಹೋಗುವ ಬಸ್ಸು ಹಿಂದೆ ಬಿತ್ತು. ಡ್ರೈವರ್ ಇವತ್ತಿಗೂ ಒಪ್ಪುವುದಿಲ್ಲ, ಆ ಮಾತು ಬೇರೆ.

ಧರೆಪ್ಪ ಬಸ್ ಸ್ಟ್ಯಾಂಡಿನ ಬೇವಿನ ನೆರಳಲ್ಲಿ ಕೂತಿದ್ದ.

“ಸಾಹೇಬ್ರ, ಮುಂಜಾನೆ ತಪ್ಪಿ ಹೇಳೀನ್ರಿ. ಅದು ನಮ್ಮ ಎಮ್ಮಿ ಕೊಟ್ಟಗಿ ಲೆಕ್ಕ. ಮನಿ ಬ್ಯಾರೆ. ಖೋಲಿ ಎಂಟು ಬರ್ಕೋರಿ. ಪೂರಾ ಸ್ಲ್ಯಾಬು. ನಳ ಮೂರು, ಬೋರು ಒಂದು. ಬೀದಿಗೆ ನಾಕು ಅಂಗಡಿ, ಬಾಡಿಗಿ ಬರ್ತೈತಿ.”

“ಅಷ್ಟು ಖೋಲ್ಯಾಗ ಏನ ಮಾಡ್ತೀರಿ?”

“ಬಂದ ಸೊಸಿ ದಾರಿ ತಪ್ಪಬಾರದಂತ ಗ್ವಾಡಿಗೆ ಬಾಣದ ಗುರ್ತು ಹಾಕಸೂದು ಐತ್ರಿ.”

“ಇದು ಖರೆ ಏನ್ರಿ?”

“ಮಗನ ಆಣಿ!”

“ಹಂಗಾರ ಇಲ್ಲೊಂದು ಸಹಿ ಮಾಡ್ರಿ.”

ಎಷ್ಟು ಚಂದ ಸೋಗು ಹಾಕ್ಯಾನ ಬೀಗ ಎಂದು ಮೆಚ್ಚುತ್ತಲೇ ಶ್ರೀಶೈಲಪ್ಪ ಸಹಿ ಹಾಕಿ, ಕಣ್ಣು ಮಿಟುಕಿಸಿದ. “ಇನ್ನ ಸಾಕು ಮಾಡ್ರಿ. ನೀವು ವಿಜಯಶ್ರೀ ಸೋದರಮಾವ ಹೌದಲ್ರಿ?”

ಧರೆಪ್ಪ ನಾಚಿದ. “ಹೌದ್ರಿ. ಹೆಂಗ ಗೊತ್ತಾತು?”

ಶ್ರೀಶೈಲಪ್ಪ ನೆಲದಿಂದ ಒಂದು ಗೇಣು ಮೇಲೆದ್ದ.

“ಮತ್ತ ಪುರಸಭೆಯವನೂ ಹೌದ್ರಿ. ಮುದ್ದೇಬಿಹಾಳ ಕಡಿಂದ ವರ್ಗ ಆಗಿ ನಿನ್ನಿ ಸಂಜೀಕ ಹಾಜರಾದೆ, ಕಾರಕೂನರು ಆಗಲೇ ಮನಿಗೆ ಹೋಗಿದ್ರು. ರಾತ್ರಿ ಅಕ್ಕನ ಮನಿಗೆ ಹೋಗಿ ಉಳದೆ. ಹೆಂಗೂ ಮುಂಜಾನೆ ಅದೇ ಊರಿಗೆ ಹೊಂಟೀ, ಮೊದಲು ಅವರ ಮನಿಗೆ ಹೋಗು ಅಂದ್ಲು ನಮ್ಮಕ್ಕ.”

ಮೇಲೆದ್ದವನು ಎರಡು ಗೇಣು ಕೆಳಗಿಳಿದ. “ಹಂಗಾರ ಆ ಎಂಟು ಖೋಲಿ?”

“ಅದು ಸರಕಾರಕ್ಕ. ಸಹಿ ಐತಲ್ರಿ.”

“ಮತ್ತ ಅಕ್ಕಾರಿಗೆ?”

ಧರೆಪ್ಪ ಕಾಗದ ಮಡಚಿ ಚೀಲಕ್ಕಿಟ್ಟ. “ಅಕ್ಕ ಖೋಲಿ ಎಣಿಸಿ ಬಾ ಅಂದಿದ್ದಿಲ್ರಿ. ಹುಡುಗೀನ ಕೊಡೂ ಮನ್ಯಾಗ ಆಡಿದ ಮಾತು ನಿಂದರ್ತೈತೋ ಇಲ್ಲೋ, ಅಷ್ಟ ನೋಡಿ ಬಾ ಅಂದಿದ್ಲು. ಮುಂಜಾನೆ ಒಂದೂವರಿ, ಈಗ ಎಂಟು. ನಾ ಹೋಗಿ ಏನ ಹೇಳ್ಲಿ? ನೀವ ಹೇಳ್ರಿ.”

ಬಾಗೇವಾಡಿ ಬಸ್ಸು ಬಂತು. ಅವನು ಹತ್ತಿ ಹೋದ.

ಸಂಜೆ ಶ್ರೀಶೈಲಪ್ಪ ಕಟ್ಟೆಯ ಮೇಲೆ ಕೂತು ತನ್ನ ಮನೆಯನ್ನು ಪರರ ಮನೆ ನೋಡುವಂತೆ ನೋಡಿದ. ನಾಲ್ಕು ಖೋಲಿ. ಮುಂದೆ ಸ್ಲ್ಯಾಬು, ಹಿಂದೆ ಮಾಳಿಗೆ, ಒಂದು ನಳ. ಹುಡುಗಿ ಕೊಡಲಾರದಂಥ ಮನೆಯಲ್ಲ. ಕರ ಕಟ್ಟಲಾರದಂಥದ್ದೂ ಅಲ್ಲ. ಅದು ಇದ್ದ ಹಾಗೇ ಇತ್ತು, ಅವನೊಬ್ಬನೇ ಅದನ್ನು ಇಡೀ ದಿನ ಜಗ್ಗಾಡಿದ್ದ. ಒಳಗೆ ಚೇತನಕುಮಾರ ಹೊಸ ಅಂಗಿಗೆ ಇಸ್ತ್ರಿ ಮಾಡುತ್ತ ಶಿಳ್ಳೆ ಹಾಕುತ್ತಿದ್ದ.

ಸಿದ್ದಲಿಂಗವ್ವ ಚಹಾ ತಂದಳು.

“ಒಲ್ಲೆ,” ಎಂದ ಶ್ರೀಶೈಲಪ್ಪ.

ಗೋಡೆಯಾಚೆಯಿಂದ ಚಂದವ್ವನ ತಲೆ ಮೇಲೆ ಬಂತು. “ಸಿದ್ದವ್ವಾ, ಇಂವನೂ ಚಹಾ ಒಲ್ಲೆ ಅಂದ್ನಲ್ಲೇ! ಖರೇ ನಿನ್ನ ಗಂಡ ಹೌದೋ ಅಲ್ಲೋ, ಮೊದಲು ವಿಚಾರಸು!”