ಶೇಂಗಾ ಸಿಪ್ಪೆ ಸುಟ್ಟ ಕಥೆ

ನಾನು ಗಂಭೀರವಾಗಿ ಏನಾದರೂ ಮಾಡೋಣ ಅಂತ ಹೊರಟಾಗಲೆಲ್ಲ ಇಂಥದ್ದೇ ಆಗೋದು. ಶೇಂಗಾ ಸಿಪ್ಪೆಯಿಂದ ಸಣ್ಣ ಸಣ್ಣ ರಂಧ್ರಗಳಿರುವ, ನೀರಿನ ಬಣ್ಣ ಹೀರುವ ಇದ್ದಿಲು ಮಾಡುವುದು ಚಿತ್ರದುರ್ಗದ ಕಾಲೇಜೊಂದರಲ್ಲಿ ನನ್ನ ಪಿಎಚ್.ಡಿ. ನಮ್ಮ ಗೈಡ್ ಮೇಷ್ಟ್ರು ಬೆಳಿಗ್ಗೆ ಲ್ಯಾಬಿಗೆ ಬಂದು, ಅಲ್ಲಿನ ದೇವರ ಪಟದ ಮುಂದಿನ ವಿಭೂತಿ ಹಣೆಗೆ ಬಳಿದುಕೊಂಡು ಕುರ್ಚಿಯಲ್ಲಿ ಕೂತರೆ ಮೊದಲ ಬೈಗುಳ ನನಗೇ. "ಪರೀಕ್ಷಕರು ಬಂದಾಗ ಸರಿಯಾಗಿ ತೋರಿಸಲಿಲ್ಲ ಅಂದ್ರೆ ನಿನ್ನ ಪಿಎಚ್.ಡಿ ಅಲ್ಲಿಗೇ ಮುಗೀತು" ಅಂದಿದ್ದರು. ನಾಲ್ಕು ವರ್ಷದ ದುಡಿಮೆ.

೧. ಬೆಂಕಿಪೊಟ್ಟಣ

ಸಿಪ್ಪೆ ತರಲು ಯಲ್ಲದಕೆರೆ ಅನ್ನೋ ಹಳ್ಳಿಗೆ ಹೋದೆ. ರೈತರೊಬ್ಬರು ಎರಡು ಚೀಲ ತುಂಬಿಸಿಕೊಟ್ಟು, "ಇದನ್ನ ಒಯ್ದು ಏನ್ ಮಾಡ್ತೀರಿ?" ಅಂದರು.

"ಸುಡ್ತೀವಿ."

"ಸುಡಾಕೆ ದುರ್ಗದ ತಂಕ ಹೊರಬೇಕಾ? ಕುಂತ್ಕಳ್ರಿ, ಬೆಂಕಿಪೊಟ್ಟಣ ತರ್ತೀನಿ."

ಗಾಳಿ ಸೋಕದಂಗೆ ಸುಡಬೇಕು, ಸೋಕಿದರೆ ಬರೀ ಬೂದಿ ಅಂತ ವಿವರಿಸಿದೆ. ಪೂರ್ತಿ ಕೇಳಿ, "ಓದಿದೋರ್ಗೆ ಬೆಂಕಿ ಹಚ್ಚಾದೂ ಕಷ್ಟ ಐತೆ ಬಿಡ್ರಿ" ಅಂತ ಮರುಗಿದರು.

೨. ಬೂದಿ

ಆ ಸಿಪ್ಪೆಯನ್ನು ಮೊದಲ ಸಲ ಕುಲುಮೆಗೆ ಇಟ್ಟ ದಿನವೇ, ಗಾಳಿ ತಡೆಯಲು ಹಾಯಿಸುತ್ತಿದ್ದ ನೈಟ್ರೋಜನ್ ಸಿಲಿಂಡರ್ ಅರ್ಧದಲ್ಲೇ ಖಾಲಿಯಾಗಿ ಗಾಳಿ ನುಗ್ಗಿತು. ತೆಗೆದು ನೋಡಿದರೆ ಕರಿ ಇದ್ದಿಲಿಲ್ಲ, ಬೆಳ್ಳನೆ ಬೂದಿ. ತಲೆ ಮೇಲೆ ಕೈಹೊತ್ತು ಕೂತೆ. ನಮ್ಮ ಹಿರಿಯ ಅಟೆಂಡರ್ ಬೂದಿಯನ್ನು ಬೆರಳಲ್ಲಿ ತಿಕ್ಕಿ, "ಎಷ್ಟ್ ನುಣ್ಣಗೈತೆ ನೋಡ್ರಿ" ಅಂದರು.

"ನನ್ನ ಕಣ್ಣಿಗೆ ಬೀಳದಂಗೆ ಎಲ್ಲಾದ್ರೂ ಹಾಕ್ರಿ ಅಣ್ಣ."

"ಯಾಕ್ ಬೇಜಾರು? ಇಷ್ಟು ದಿನದಾಗೆ ನೀವು ಮಾಡಿರೋದ್ರಾಗೆ ಇದೇ ಚಂದ ಐತೆ."

೩. ಪರೀಕ್ಷೆ

ತಿಂಗಳಾದ ಮೇಲೆ ಇದ್ದಿಲು ಸರಿಯಾಗಿ ಬಂತು. ಪರೀಕ್ಷಕರ ಎದುರು ಅದರ ಮೇಲೆ ನೀಲಿ ನೀರು ಹುಯ್ದೆ. ಕೆಳಗೆ ತಿಳಿನೀರು ಇಳಿಯಿತು. ನನಗೆ ಕುಣಿಯುವಷ್ಟು ಖುಷಿ. ಅಷ್ಟರಲ್ಲಿ ಪರೀಕ್ಷಕರು, "ಗಾಳಿ ನುಗ್ಗಿ ಒಂದು ಸಲ ಕೆಟ್ಟಿತ್ತು ಅಂತ ಪ್ರಬಂಧದಲ್ಲಿ ಬರೆದಿದ್ದೀರಲ್ಲ, ಆ ಸ್ಯಾಂಪಲ್ ಎಲ್ಲಿ? ಎರಡನ್ನೂ ಹೋಲಿಸದೆ ನಾನು ಸಹಿ ಹಾಕಲ್ಲ" ಅಂದರು.

"ಎಸೆದುಬಿಟ್ವಿ ಸಾರ್" ಅಂದೆ.

ಗೈಡ್ ಕೆಂಡವಾದರು. "ಅಷ್ಟೂ ಬುದ್ಧಿ ಇಲ್ವಾ ನಿನಗೆ? ಸ್ಯಾಂಪಲ್ ಯಾರಾದ್ರೂ ಎಸೀತಾರಾ?"

ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ಕೆಮ್ಮಿದರು. "ಎಸೆದಿಲ್ಲ ಸಾರ್. ಅಂಥಾ ನುಣ್ಣನೆ ಬೂದಿ ಯಾಕ್ ಹಾಳು ಮಾಡಾದು ಅಂತ ಪಟದ ಮುಂದಿನ ವಿಭೂತಿ ಡಬ್ಬಿಗೆ ತುಂಬಿದ್ದೆ. ಇವತ್ತಿಗೆ ಡಬ್ಬಿ ಖಾಲಿ. ಉಳಿದಿರೋದು ನಿಮ್ಮ ಹಣೆ ಮೇಲಿರೋದೊಂದೇ."

ಪರೀಕ್ಷಕರು ಕನ್ನಡಕ ಸರಿಮಾಡಿಕೊಂಡು ಗೈಡ್ ಹಣೆಯ ಹತ್ತಿರ ಬಗ್ಗಿದರು. ಗೈಡ್ ಕೈ ತಾನಾಗಿಯೇ ಕರ್ಚೀಫಿಗೆ ಹೋಯಿತು.

"ಒರೆಸ್ಬ್ಯಾಡ್ರಿ ಸಾರ್" ಅಂದರು ಅಟೆಂಡರ್, "ಅವರ ಸಹಿ ಇನ್ನೂ ಆಗಿಲ್ಲ."