ಟೋಪಿ ತೊಟ್ಟ ಚಕ್ರಗಳು

ರಗಳೆ ಶುರುವಾದದ್ದು ಒಂದು ಒದ್ದೆ ಬೆಡ್‌ಶೀಟಿನಿಂದ. ಅಂಗಳದ ತುಂಬ ಗಾಡಿಯೇ ನಿಂತಿತ್ತು, ಹಗ್ಗ ಕಟ್ಟಲು ಗೇಣು ಜಾಗವಿರಲಿಲ್ಲ. ಹೆಂಡತಿ ಬೇಸತ್ತು ಬೆಡ್‌ಶೀಟನ್ನು ಗಾಡಿಯ ಮೇಲೆಯೇ ಹರವಿದಳು. ಚಾಳೀಸಪ್ಪ ಚಡ್ಡಿಯಲ್ಲೇ ಓಡಿ ಬಂದು, "ಅಯ್ಯಯ್ಯೋ, ನನ್ನ ಪೇಂಟು!" ಎಂದು ಅದನ್ನು ಎಳೆದು ಮಣ್ಣಿಗೆ ಹಾಕಿದ.

"ಸರಿ ಬಿಡಿ," ಎಂದಳು ಹೆಂಡತಿ, ತಣ್ಣಗೆ. ಕೂಗಾಡಿದ್ದರೆ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲ. "ತರಕಾರಿ ಮಂಡಿಯವರು ಗಾಡಿ ಕೊಡ್ತೀರಾ ಅಂತ ಕೇಳ್ತಾನೇ ಇದ್ದಾರೆ. ಇವತ್ತೇ ಬರೋಕೆ ಹೇಳ್ತೀನಿ."

"ನನ್ನ ಗಾಡೀಲಿ ಎಲೆಕೋಸು ತುಂಬೋದಾ?"

"ನೀವೇನು ತುಂಬಿದ್ದೀರಿ? ದೇಶ ಸುತ್ತೋಣ ಅಂತ ತಂದ್ರಿ, ಅದು ಈ ಬೀದಿ ತಿರುವು ದಾಟಿಲ್ಲ. ಹೋಗಲಿ, ಒಂದು ಅವಕಾಶ ಕೊಡ್ತೀನಿ. ಹೊಳೆ ದಂಡೆಗೆ ಹೋಗಿ, ಯಾರ ಕೈಲೂ ತಳ್ಳಿಸ್ಕೊಳ್ದೆ ವಾಪಸ್ ತಂದವರದ್ದೇ ಗಾಡಿ. ನೀವು ತಂದ್ರೆ ನಿಮ್ಮದು. ಇಲ್ಲಾಂದ್ರೆ ಎಲೆಕೋಸಿಂದು."

ಚಾಳೀಸಪ್ಪ ಎಂಬುದು ಕನ್ನಡಕದಂಗಡಿ ಇಟ್ಟ ತಪ್ಪಿಗೆ ಊರು ಅವನಿಗೆ ಕಟ್ಟಿದ ಹೆಸರು. ಗಾಡಿಯ ಬಗ್ಗೆ ಮಾತ್ರ ಊರಿಗೂ ಗೌರವವೇ. ಸುಳ್ಳೇಕೆ ಹೇಳಬೇಕು, ಅದು ಗೌರವಕ್ಕೆ ತಕ್ಕ ಗಾಡಿ. ಹಳೇ ಕಾಲದ ಫೋರ್‌ವೀಲ್ ಡ್ರೈವ್ ಪಿಕಪ್. ಮುಂಭಾಗ ಪೈಲ್ವಾನನ ಎದೆಯಂತಿತ್ತು. ಹಿಂಭಾಗದ ಗೂಡಿನಲ್ಲಿ ಮಡಚುವ ಮಂಚ, ಡ್ರಾಯರಿನೊಳಗೆ ಒಲೆ, ನೀರಿನ ಟ್ಯಾಂಕು. ಎಲ್ಲ ಅವನೇ ಕೈಯಾರೆ ಮಾಡಿದ್ದು. ಮುಂದಿನ ಒಂದೊಂದು ಚಕ್ರದ ನಟ್ಟನಡುವೆಯೂ ಕೈಯಿಂದ ತಿರುಗಿಸುವ ಹಿತ್ತಾಳೆ ಬಿರಡೆ. ಅವುಗಳ ಮಹಿಮೆ ಕೇಳದೆ ಆ ಮನೆಯಲ್ಲಿ ಯಾರಿಗೂ ಊಟ ಇಳಿಯುತ್ತಿರಲಿಲ್ಲ. ಧೂಳು ಕೂರಬಾರದೆಂದು ಆ ಬಿರಡೆಗಳಿಗೆ ಮಖಮಲ್ಲಿನ ಟೋಪಿ ಹೊಲಿಸಿದ್ದ. ಅಪ್ಪನ ಟ್ರ್ಯಾಕ್ಟರ್ ಓಡಿಸಿ ಬೆಳೆದ ಹೆಂಡತಿಗೆ ಸ್ಟೀರಿಂಗ್ ಮುಟ್ಟಲು ಮಾತ್ರ ಒಮ್ಮೆಯೂ ಬಿಟ್ಟಿರಲಿಲ್ಲ.

ಹೊರಟಾಗ ಎದುರುಮನೆಯ ರಿಟೈರ್ಡ್ ಮೇಷ್ಟ್ರು ಕರೆಯದೆಯೇ ಹತ್ತಿ ಪಕ್ಕದಲ್ಲಿ ಕೂತರು. "ಸಾಕ್ಷಿಗೆ ಒಬ್ರು ಬೇಕಲ್ಲಯ್ಯಾ!"

ದಾರಿಯುದ್ದಕ್ಕೂ ಗಾಡಿ ರಾಜಠೀವಿಯಿಂದ ಸಾಗಿತು. ಗುಂಡಿಗಳನ್ನು ಗುಂಡಿಗಳೆಂದೇ ಎಣಿಸಲಿಲ್ಲ. ಹೊಳೆ ದಂಡೆ ತಲುಪಿದಾಗ ಚಾಳೀಸಪ್ಪನಿಗೆ ಕಣ್ಣು ತುಂಬಿ ಬಂತು.

"ಇಲ್ಲಿಂದ್ಲೇ ತಿರುಗಿಸ್ಬಿಡು," ಎಂದರು ಮೇಷ್ಟ್ರು.

"ನೋಡಿ ಮೇಷ್ಟ್ರೇ, ಕೆಸರಲ್ಲಿ ಇಳಿಸಿ ತೋರಿಸ್ತೀನಿ!"

ಇಳಿಸಿದ. ಗಾಡಿ ಹೂತಿತು. ಫೋರ್‌ವೀಲ್ ಲಿವರ್ ಎಳೆದ, ಇನ್ನಷ್ಟು ಹೂತಿತು. ಆಕ್ಸಿಲರೇಟರ್ ತುಳಿದಷ್ಟೂ ಹಿಂದಿನ ಚಕ್ರಗಳು ಕೆಸರನ್ನು ಆಕಾಶಕ್ಕೆ ಎರಚಿದವು. ಕಿಟಕಿಯಿಂದ ತಲೆ ಹೊರಹಾಕಿ ಸಲಹೆ ಕೊಡುತ್ತಿದ್ದ ಮೇಷ್ಟ್ರ ಬಾಯಿ ಆಗ ಮುಚ್ಚಿತು. ಅವರು ಮುಖ ಒರೆಸಿಕೊಂಡು ಮೊದಲು ಮಾಡಿದ ಕೆಲಸ, ಅವನ ಮನೆಗೆ ಫೋನು.

ಸ್ವಲ್ಪ ಹೊತ್ತಿಗೆ ಮಂಡಿಯವರ ಹೊಚ್ಚ ಹೊಸ ಕಾರು ಬಂತು. ಒಳಗೆ ಹೆಂಡತಿ, ಅವಳ ಪಕ್ಕದಲ್ಲಿ ಚಾಳೀಸಪ್ಪನ ಅತ್ತೆ.

"ಅಳಿಯಂದಿರು ಎಷ್ಟು ಕೆಳಗಿಳಿದಿದ್ದಾರೆ ನೋಡೇ," ಎಂದರು ಅತ್ತೆ.

"ಹೆದರ್ಬೇಡಿ, ಹಗ್ಗ ಹಾಕಿ ಎಳೀತೀನಿ," ಎಂದು ಎಲ್ಲರನ್ನೂ ಇಳಿಸಿದ ಮಂಡಿಯವರು ಕಾರನ್ನು ಠೀವಿಯಿಂದ ಮುಂದೆ ತಂದರು. ಅದೂ ಹೂತಿತು. ಈಗ ಮಂಡಿಯವರೂ ಅಯ್ಯಯ್ಯೋ ಎನ್ನತೊಡಗಿದರು.

ಹೆಂಡತಿ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಸರಿಗಿಳಿದಳು. ಮುಂದಿನ ಚಕ್ರಗಳ ಟೋಪಿ ಕಿತ್ತು ಗಂಡನ ಕೈಗಿಟ್ಟು, ಎರಡೂ ಬಿರಡೆಗಳನ್ನು ಕಟಕ್ ಕಟಕ್ ಎಂದು ತಿರುಗಿಸಿದಳು.

"ಬಿರಡೆ ತಿರುಗಿಸ್ದೆ ಲಿವರ್ ಎಳೆದ್ರೆ ಮುಂದಿನ ಚಕ್ರಕ್ಕೆ ಬಲ ಬರಲ್ಲ ಅಂತ ದಿನಾ ಊಟಕ್ಕೆ ಕೂತಾಗ ಹೇಳ್ತಿದ್ದವರು ಯಾರು? ಇಳೀರಿ ಕೆಳಗೆ."

ಅವನು ಇಳಿದ. ಅವಳು ಹತ್ತಿದಳು. ಗಾಡಿ ಒಮ್ಮೆ ಗುಟುರು ಹಾಕಿತು, ನಾಲ್ಕೂ ಚಕ್ರಗಳು ನೆಲವನ್ನು ಕಚ್ಚಿ ಹಿಡಿದವು. ಆಹಾ, ಅದು ಎದ್ದು ಬಂದ ಚೆಂದವೇ ಚೆಂದ! ಬಂದದ್ದಷ್ಟೇ ಅಲ್ಲ, ಮಂಡಿಯವರ ಕಾರನ್ನೂ ಹಗ್ಗ ಹಾಕಿ ದಂಡೆಗೆ ಎಳೆದು ತಂದಿತು. ಮೇಷ್ಟ್ರು ಚಪ್ಪಾಳೆ ತಟ್ಟಿದರು.

"ಅಮ್ಮಾ, ಕೇಳಿದಷ್ಟು ಕೊಡ್ತೀನಿ," ಎಂದರು ಮಂಡಿಯವರು.

"ಇಲ್ಲ, ಮಾರಲ್ಲ," ಎಂದಳು ಹೆಂಡತಿ, ಸ್ಟೀರಿಂಗನ್ನು ಸವರುತ್ತ. ಮನೆಯವರೆಗೂ ಅವಳೇ ಓಡಿಸಿದಳು. ಪಕ್ಕದಲ್ಲಿ ಅತ್ತೆ ಕೂತಿದ್ದರಿಂದ ಚಾಳೀಸಪ್ಪ ಹಿಂದಿನ ಗೂಡಿನಲ್ಲಿ, ಮೇಷ್ಟ್ರ ಪಕ್ಕ, ಟೋಪಿಗಳನ್ನು ಎದೆಗವಚಿಕೊಂಡು, ಆನಂದದಿಂದ ಅಳುತ್ತ ಬಂದ. ಗಾಡಿ ಉಳಿದಿತ್ತು.

ಅಂಗಳದಲ್ಲಿ ನಿಂತು ಹೆಂಡತಿ ಘೋಷಿಸಿದಳು: "ಊಟ ಮುಗಿಸಿ ಇವತ್ತೇ ಪ್ರವಾಸ ಹೊರಡೋದು."

"ಬಂಗಾರದಂಥ ಮಾತು! ಈಗ್ಲೇ ಹೋಗಿ ಅಂಗಡಿಗೆ ಬೀಗ ಹಾಕಿ ಬರ್ತೀನಿ!"

"ಬೀಗ ಯಾಕೆ? ಹೊರಡೋದು ನಾನು, ಅಮ್ಮ. ವಾಪಸ್ ತಂದವರದ್ದೇ ಗಾಡಿ ಅಂತ ಆಗಿತ್ತಲ್ಲ, ತಂದಿದ್ದು ಯಾರು?"

ಚಾಳೀಸಪ್ಪ ಸಾಕ್ಷಿಯ ಕಡೆ ನೋಡಿದ. ಕಿವಿಯೊಳಗಿನ ಕೆಸರು ತೆಗೆಯುತ್ತಿದ್ದ ಮೇಷ್ಟ್ರು, "ನ್ಯಾಯ ಅಂದ್ರೆ ನ್ಯಾಯ ಕಣಯ್ಯಾ," ಎಂದರು.

"ನಾನೂ ಬರ್ತೀನಿ ಕಣೇ, ಒಂದು ಮೂಲೇಲಿ..."

"ಮಂಚ ಇಬ್ಬರಿಗೇ ಆಗೋದು. ಅಳತೆ ತಗೊಂಡು ಮಾಡಿದವರು ನೀವೇ ಅಲ್ವಾ?"

ಊಟವಾದ ಮೇಲೆ ಗಾಡಿ ಗೇಟು ದಾಟಿ, ಬೀದಿ ತಿರುವನ್ನೂ ದಾಟುವುದರಲ್ಲಿತ್ತು. ಅಷ್ಟರಲ್ಲಿ ನಿಂತಿತು. ಮನಸ್ಸು ಕರಗಿರಬೇಕೆಂದು ಚಾಳೀಸಪ್ಪ ಎದ್ದೆನೋ ಬಿದ್ದೆನೋ ಎಂದು ಓಡಿದ. ಹೆಂಡತಿ ಕಿಟಕಿಯಿಂದ ಬಗ್ಗಿ ಹೇಳಿದಳು:

"ಮರೆತಿದ್ದೆ ನೋಡಿ. ಆ ಬೆಡ್‌ಶೀಟು ಮಣ್ಣಾಗಿದೆ, ಇನ್ನೊಂದ್ಸಲ ಒಗೆದು ಒಣಹಾಕಿ. ಅಂಗಳದಲ್ಲಿ ಈಗ ಬೇಕಾದಷ್ಟು ಜಾಗ ಇದೆ."